ಒಂದೇ ಚಾಪೆಯ ಮೇಲೆ ಮೂರು ಧರ್ಮ

"ಧರ್ಮ ಯಾವುದಾದ್ರೇನು, ನಾವೆಲ್ಲ ಒಂದೇ!" ಎಂದರು ನನ್ನ ಪತಿರಾಯರು. ತೊಂಬತ್ತರ ದಶಕ, ನೈರೋಬಿಯ ಲ್ಯಾವಿಂಗ್ಟನ್‌ನಲ್ಲಿ ಇಂಡೋನೇಷ್ಯಾದ ಜಾವಾದಿಂದ ಬಂದಿದ್ದ ನೆರೆಮನೆಯವರ ಮಗಳ ನಾಮಕರಣ. ಒಂದೇ ಚಾಪೆಯ ಮೇಲೆ ಮಗುವಿನ ಮುಸ್ಲಿಂ ತಂದೆ, ಮಂಗಳೂರಿನ ಕ್ಯಾಥೊಲಿಕ್ ಡಾಕ್ಟರು, ನಮ್ಮವರು. ಸರ್ವಧರ್ಮ ಸಮ್ಮೇಳನವೇ ಸರಿ! ಹೆಂಡತಿಯರಾದ ನಾವು ಮೂವರು ಮಾತ್ರ ಅಡುಗೆಮನೆಯಲ್ಲಿ ತಟ್ಟೆಗಳಿಗೆ ಅರಿಶಿನದ ಅನ್ನ ಬಡಿಸುತ್ತಿದ್ದೆವು.

ಇದ್ದಕ್ಕಿದ್ದಂತೆ ಬಾಣಂತಿ ಸುಮಿನಿ ಸೌಟು ಕೆಳಗಿಟ್ಟಳು. ಮಗುವನ್ನೆತ್ತಿಕೊಂಡು ಹೋಗಿ ಚಾಪೆಯ ನಡುವೆಯೇ ಕೂತಳು.

"ಇದು ನನ್ನ ಮಗಳ ಹಬ್ಬ. ನಾನೂ ಇಲ್ಲೇ ಊಟ ಮಾಡ್ತೀನಿ."

ನಾವಿಬ್ಬರೂ ಹೋಗಿ ಅವಳ ಪಕ್ಕ ಕೂತೆವು. ಮೂರೂ ಧರ್ಮದ ಗಂಡಸರು ಒಗ್ಗಟ್ಟಾಗಿ ಅಡುಗೆಮನೆಯ ಬಾಗಿಲನ್ನೇ ನೋಡಿದರು. ಕೊನೆಗೆ ಡಾಕ್ಟರೇ ಎದ್ದು ಬಡಿಸಿದರು.

ಅಂದಿನಿಂದ ನಮ್ಮ ಮನೆಗೆ ನೆಂಟರು ಬಂದರೂ ನಾನು ಅವರ ಜೊತೆಗೇ ಊಟಕ್ಕೆ ಕೂರುತ್ತೇನೆ. ಯಾವ ಧರ್ಮಕ್ಕೂ ಧಕ್ಕೆಯಾಗಿಲ್ಲ. ಪತಿರಾಯರು ಬಡಿಸುವಾಗ ಸಾರು ಮಾತ್ರ ಇನ್ನೂ ಮೇಜಿನ ಮೇಲೆ ಚೆಲ್ಲುತ್ತದೆ.