ಕನ್ನಡ ಕೂಟದ ವಿಳಾಸ ಪಟ್ಟಿ

ಡಾಟ್-ಕಾಂ ಭರಾಟೆಯ ಆ ದಿನಗಳಲ್ಲಿ ಅಮೆರಿಕದಲ್ಲಿ ನನ್ನದು ಡಿಪೆಂಡೆಂಟ್ ವೀಸಾ. ಕೆಲಸಕ್ಕೆ ಹೋಗುವಂತಿಲ್ಲ, ಸುಮ್ಮನೆ ಕೂರುವ ಜಾಯಮಾನವೂ ನನ್ನದಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ, ನಮ್ಮ ಕನ್ನಡ ಕೂಟಕ್ಕೊಂದು ವೆಬ್‌ಸೈಟು ಮಾಡಿಕೊಡುತ್ತೇನೆಂದೆ. ಯುಗಾದಿಗೆ ಹಂಚುತ್ತಿದ್ದ ವಿಳಾಸದ ಪುಸ್ತಕವನ್ನೇ ಟೈಪು ಮಾಡಿ ಹಾಕಿದೆ: ಹೆಸರು, ಊರು, ಮನೆ ವಿಳಾಸ, ಫೋನು. ಪುಸ್ತಕದಲ್ಲಿ ಇದ್ದದ್ದೇ ತಾನೆ, ಯಾರನ್ನು ಕೇಳುವುದು? ಎಲ್ಲರೂ ಬೆನ್ನು ತಟ್ಟಿದರು. ನಾನೂ ಬೀಗಿದೆ.

ಪಟ್ಟಿಯಲ್ಲಿ ಮಿಲ್ಪಿಟಾಸ್ ಊರಿನ ಒಬ್ಬಳಿದ್ದಳು, ಹಾಸನದವಳು. ಹೊಡೆಯುವ ಗಂಡನನ್ನು ಬೇರೆ ರಾಜ್ಯದಲ್ಲಿ ಬಿಟ್ಟು, ಮಗಳನ್ನು ಕರೆದುಕೊಂಡು, ವಿಳಾಸ ತಿಳಿಸದೆ ಬಂದವಳು. ನನ್ನ ಅಡುಗೆಮನೆಯಲ್ಲೇ ಕೂತು ಇದನ್ನೆಲ್ಲ ಹೇಳಿದ್ದಳು. ಆದರೂ ಅವಳ ಸಾಲು ಟೈಪು ಮಾಡುವಾಗ ನನ್ನ ಬೆರಳು ತಡೆಯಲಿಲ್ಲ. ಪುಸ್ತಕ ಓದುವವರು ನಮ್ಮವರು. ವೆಬ್‌ಸೈಟನ್ನೂ ನಮ್ಮವರೇ ನೋಡುತ್ತಾರೆಂದುಕೊಂಡಿದ್ದೆ.

ಒಂದು ಶನಿವಾರ ಬೆಳಿಗ್ಗೆ ಅವಳ ಫೋನು ಬಂತು.

"ಅಕ್ಕಾ, ಅವ್ರು ಫೋನ್ ಮಾಡಿದ್ರು. ಅಪಾರ್ಟ್‌ಮೆಂಟ್ ನಂಬರ್ ಸಮೇತ ಹೇಳಿದ್ರು. ಹೆಂಗೆ ಸಿಕ್ತು ಅಂದ್ರೆ, ನಿಮ್ಮ ಕೂಟದ ವೆಬ್‌ಸೈಟಲ್ಲೇ ಇದೆಯಲ್ಲಾ ಅಂತ ನಗ್ತಾರೆ."

ಕಾರಿನ ಕೀಲಿ ಹುಡುಕುತ್ತಲೇ ಹೇಳಿದೆ.

"ಬಾಗ್ಲು ಹಾಕ್ಕೊಂಡಿರು. ಪೊಲೀಸಿಗೆ ಫೋನ್ ಮಾಡು. ನಾನು ಬರ್ತಾ ಇದೀನಿ."

ಹೊರಡುವ ಮೊದಲು ಆ ಪುಟ ಅಳಿಸಲು ಕೂತೆ. ಮೋಡೆಮ್ಮು ಕಿರುಚಿ ಇಂಟರ್ನೆಟ್ಟಿಗೆ ಸೇರಿಸುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಅಳಿಸಿದೆ. ಅನುಮಾನದಿಂದ ಅವಳ ಹೆಸರು ಹಾಕಿ ಹುಡುಕಿದರೆ, ಸರ್ಚ್ ಎಂಜಿನ್ ಹಳೆಯ ಪ್ರತಿಯನ್ನೇ ತೆಗೆದು ತೋರಿಸಿತು. ನಾನೇ ಹಾಕಿದ್ದು, ತೆಗೆಯಲು ನನ್ನಿಂದಾಗಲಿಲ್ಲ. ಫ್ರೀವೇ ಉದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ಅವಳು ಬಾಗಿಲಿಗೆ ಸೋಫಾ ಅಡ್ಡ ಇಟ್ಟು ಕೂತಿದ್ದಳು. ಮಗಳು ಆಗಲೇ ಸ್ಕೂಲ್ ಬ್ಯಾಗು ಹೆಗಲಿಗೇರಿಸಿದ್ದಳು.

"ಅಮ್ಮಾ, ಆರ್ ವಿ ಮೂವಿಂಗ್ ಅಗೇನ್?"

ಆ ಮಾತು ಕೇಳಿ ನಾಚಿಕೆಯಿಂದ ಕುಗ್ಗಿಹೋದೆ. ಇಬ್ಬರನ್ನೂ ನಮ್ಮ ಮನೆಗೆ ಕರೆತಂದೆ. ಅವನು ಬರಲಿಲ್ಲ, ಆದರೆ ಪ್ರತಿ ಕಾರಿನ ಸದ್ದಿಗೂ ಮೂವರೂ ಕಿಟಕಿಯತ್ತ ನೋಡುತ್ತಿದ್ದೆವು. ನಾಲ್ಕನೆಯ ದಿನ ಅವಳು ಬೇರೆ ಊರಿನಲ್ಲಿ ಮನೆ ಗೊತ್ತು ಮಾಡಿಕೊಂಡಳು.

ಒಂದು ಸಲವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಹೊರಡುವಾಗ ನಾನು ಅಭ್ಯಾಸಬಲದಿಂದ ಪೆನ್ನು ತೆಗೆದು, "ಹೊಸ ಅಡ್ರೆಸ್ ಹೇಳು" ಎಂದೆ.

ಅವಳು ನನ್ನ ಕೈ ಹಿಡಿದುಕೊಂಡಳು.

"ಬೇಡ ಅಕ್ಕ. ಬರ್ಕೋಬೇಡಿ."