ಬಡ್ಡಿಯ ಹುಟ್ಟುಹಬ್ಬಗಳು

ಅನಕ್ಲೇತುವಿನ ಮನೆಯಲ್ಲಿ ತಿಂಗಳಿಗೆ ಹತ್ತೊಂಬತ್ತು ಹುಟ್ಟುಹಬ್ಬ. ಮಕ್ಕಳದಲ್ಲ, ದುಡ್ಡಿನದು. ಉಳಿತಾಯ ಖಾತೆಗೆ ಯಾವ ತಾರೀಕು ಹಣ ಕಟ್ಟುತ್ತೀರೋ, ತಿಂಗಳು ತಿಂಗಳು ಅದೇ ತಾರೀಕಿಗೆ ಬಡ್ಡಿ ಬೀಳುತ್ತದೆ; ಅವನ ಊರು ಕರಾತಿಂಗಾದಲ್ಲಿ ಅದಕ್ಕೆ ಹುಟ್ಟುಹಬ್ಬ ಎಂದೇ ಹೆಸರು. ಒಂದು ದಿನ ಮುಂಚೆ ಹಣ ತೆಗೆದರೆ ಆ ತಿಂಗಳ ಬಡ್ಡಿಯ ಆಸೆ ಬಿಡಬೇಕು. ಅನಕ್ಲೇತುವಿಗೆ ಏಳು ಬ್ಯಾಂಕಿನಲ್ಲಿ ಏಳು ಖಾತೆ, ಹತ್ತೊಂಬತ್ತು ತಾರೀಕು, ಎಲ್ಲವೂ ಬಾಯಿಪಾಠ.

ಏಳು ಯಾಕೆಂದರೆ, ತೊಂಬತ್ತರ ಮಾರ್ಚಿನಲ್ಲಿ ಸರ್ಕಾರ ಬೆಳಗಾಗುವಷ್ಟರಲ್ಲಿ ಎಲ್ಲರ ಉಳಿತಾಯಕ್ಕೂ ಬೀಗ ಜಡಿದಿತ್ತು. ಆಗ ಅವನು ನೀರಿನ ಬಿಲ್ಲಿನ ಕೌಂಟರಿನಲ್ಲಿ ಹೊಸ ಗುಮಾಸ್ತ. ಮದುವೆಯ ದುಡ್ಡೆಲ್ಲ ಒಂದೇ ಬ್ಯಾಂಕಿನಲ್ಲಿತ್ತು. ಮದುವೆಯೇನೋ ಆಯಿತು, ಸಮುದ್ರ ನೋಡಲು ಹೋಗುವುದು ನಿಂತುಹೋಯಿತು. "ಆಮೇಲೆ ಹೋಗೋಣ" ಎಂದು ಜುಲ್ಮೀರಾಳಿಗೆ ಮಾತು ಕೊಟ್ಟ. ಅಂದಿನಿಂದ ದುಡ್ಡನ್ನು ಏಳು ಕಡೆ ಹಂಚಿದ. ಬೀಗ ಬಿದ್ದದ್ದು ಎಲ್ಲ ಬ್ಯಾಂಕಿಗೂ ತಾನೆ ಎಂದು ಯಾರಾದರೂ ಕೆಣಕಿದರೆ, "ಮುಂದಿನ ಸಲ ಒಂದನ್ನಾದ್ರೂ ಮರೀತಾರೆ" ಎನ್ನುತ್ತಿದ್ದ.

ಈ ಬಡ್ಡಿಗೆ ತೆರಿಗೆ ಇಲ್ಲ. ಆದರೂ ತೆರಿಗೆಯ ಲೆಕ್ಕಪತ್ರದಲ್ಲಿ ಬರೆಯಬೇಕು. ಫೆಬ್ರವರಿಯಲ್ಲಿ ಬ್ಯಾಂಕುಗಳು ಕೊಡುವ ವರ್ಷದ ಬಡ್ಡಿಯ ಚೀಟಿಯನ್ನು ನೋಡಿ ಬರೆದರೆ ಮುಗಿಯಿತು; ಲೋಕವೆಲ್ಲ ಹಾಗೇ ಮಾಡುತ್ತದೆ. ಅನಕ್ಲೇತು ಮಾತ್ರ ಅದನ್ನು ತನ್ನ ಲೆಕ್ಕದ ಪುಸ್ತಕದೊಂದಿಗೆ ತಾಳೆ ನೋಡಬೇಕು. ಮೂರು ಸೆಂತಾವು ಚಿಲ್ಲರೆ ಹೆಚ್ಚುಕಮ್ಮಿಯಾದರೂ ಇಸ್ತ್ರಿ ಅಂಗಿ ತೊಟ್ಟು ಬ್ಯಾಂಕಿಗೆ ಹೊರಡುತ್ತಿದ್ದ. ಅವನು ಬಾಗಿಲಲ್ಲಿ ಕಂಡರೆ ಗುಮಾಸ್ತರು ಹೊತ್ತಿಗೆ ಮುಂಚೆಯೇ ಊಟಕ್ಕೆ ಎದ್ದುಬಿಡುತ್ತಿದ್ದರು. ಹೀಗೆ ಪತ್ರ ಸಲ್ಲಿಸುವುದು ಮೇ ಕೊನೆಯ ದಿನ. ಮುಂಚೆ ಕಳಿಸಿದವರಿಗೆ ಹೆಚ್ಚಿಗೆ ಕಟ್ಟಿದ ತೆರಿಗೆ ಮುಂಚೆ ವಾಪಸು. ಅವನದು ಬರುವಾಗ ಸೆಪ್ಟೆಂಬರ್. ಅಷ್ಟರಲ್ಲಿ ಮಾಡು ಸೋರಿರುತ್ತಿತ್ತು, ಇಲ್ಲವೇ ಫ್ರಿಜ್ ಕೆಟ್ಟಿರುತ್ತಿತ್ತು. ಆ ದುಡ್ಡಲ್ಲೇ ಜುಲೈಯಲ್ಲಿ ಗ್ವಾರಪರಿಯ ಸಮುದ್ರಕ್ಕೆ ಹೋಗುವುದೆಂದು ವರ್ಷವರ್ಷವೂ ಮಾತಾಗುತ್ತಿತ್ತು. ಜುಲ್ಮೀರಾ ಪ್ರತಿ ಫೆಬ್ರವರಿ ಕೇಳುತ್ತಿದ್ದಳು. ಈ ವರ್ಷ ಕೇಳಲಿಲ್ಲ. ಅವನಿಗೆ ಅದು ಗಮನಕ್ಕೂ ಬರಲಿಲ್ಲ.

ಏಪ್ರಿಲಿನ ಒಂದು ಮಧ್ಯಾಹ್ನ ಮಗಳು ಇವೋನಿ ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದಳು.

"ಅಪ್ಪಾ, ಈಗ ಪತ್ರದಲ್ಲಿ ಎಲ್ಲಾನೂ ತೆರಿಗೆ ಆಫೀಸಿನವ್ರೇ ತುಂಬಿಟ್ಟಿರ್ತಾರೆ. ನೋಡಿ ಒತ್ತಿದ್ರೆ ಆಯ್ತು" ಎಂದು ಫೋನು ಮುಂದಿಟ್ಟಳು.

ಅನಕ್ಲೇತು ಕನ್ನಡಕ ಏರಿಸಿ ಎಣಿಸಿದ. ಮತ್ತೆ ಎಣಿಸಿದ. ಮುಖ ಅರಳಿತು.

"ಎಂಟು! ಎಂಟು ಖಾತೆ ತೋರಿಸ್ತಿದೆ! ಮೂವತ್ತು ವರ್ಷದಿಂದ ಕಾಯ್ತಿದ್ದೆ, ಸಿಕ್ಕಿಬಿದ್ರು ನೋಡು! ತಡಿ, ಅಂಗಿ ಎಲ್ಲಿ?"

ಚೀಸ್ ಬನ್ನಿನ ಹಿಟ್ಟು ನಾದುತ್ತಿದ್ದ ಜುಲ್ಮೀರಾ ತಲೆ ಎತ್ತಲಿಲ್ಲ. "ಅಂಗಿ ಬೇಡ, ಮುದುಕಾ. ಎಂಟನೇದು ನಂದು."

"ನಿಂದಾ?"

"ನಿನ್ನ ಪತ್ರದಲ್ಲಿ ನಾನೂ ಅವಲಂಬಿತೆ ತಾನೆ? ಅದಕ್ಕೇ ಬಂದಿದೆ. ಲಂಗ ಪ್ಯಾಂಟು ಅಂಚು ಹೊಲಿದ ದುಡ್ಡು. ಹದಿನಾಲ್ಕಕ್ಕೆ ಬಡ್ಡಿ ಬೀಳತ್ತೆ."

"ಹದಿನಾಲ್ಕಾ? ಅದೇನು ತಾರೀಕು, ನನ್ನ ಪುಸ್ತಕದಲ್ಲೇ ಇಲ್ಲ."

"ಇಲ್ಲ ಅಂತ ಗೊತ್ತು. ನಾನು ಹುಟ್ಟಿದ ತಾರೀಕು ಅದು."

ಇವೋನಿ ಕೂಸಿನ ಮೂಗು ಒರೆಸುವ ನೆಪದಲ್ಲಿ ಆ ಕಡೆ ತಿರುಗಿದಳು. ಅನಕ್ಲೇತು ಪುಸ್ತಕದ ಅಂಚು ಸವರಿದ. ಅಭ್ಯಾಸವೇ ಬಾಯಿಗೆ ಬಂತು:

"ಹಾಗಾದ್ರೆ ಹಿಂದಿನ ಐದು ವರ್ಷದ ಪತ್ರ ತಿದ್ದಬೇಕು. ನಿನ್ನ ಬ್ಯಾಂಕಿನ ಚೀಟಿ ತರಿಸಬೇಕು. ಜುಲೈಗಂತೂ..."

"ಇದಕ್ಕೇ ಹೇಳಿರ್ಲಿಲ್ಲ" ಎಂದಳು ಜುಲ್ಮೀರಾ. "ನಿನ್ನ ಪುಸ್ತಕದೊಳಗೆ ಹೋದ ದುಡ್ಡು ಬೆಳಕು ಕಂಡಿದ್ದುಂಟಾ? ಶುಕ್ರವಾರ ಬಸ್ಸು. ಗ್ವಾರಪರಿ, ನಾಲ್ಕು ದಿನ, ಇಬ್ಬರಿಗೆ. ಕೋಣೆಗೆ ಮುಂಗಡ ಕಟ್ಟಿದೀನಿ, ವಾಪಸ್ ಕೊಡಲ್ವಂತೆ. ನೀನು ಬರದಿದ್ರೆ ನಿನ್ನ ಪಾಲು ಹೋಯ್ತು ಅಷ್ಟೇ."

"ನನ್ನ ಪಾಲು ಎಷ್ಟು?"

ಹೇಳಿದಳು. ಅವನು ಪೆನ್ಸಿಲು ತೆಗೆದ. ಅದು ಏಳು ಖಾತೆಗಳೂ ಸೇರಿ ಒಂದು ತಿಂಗಳಲ್ಲಿ ಹೆರುವ ಬಡ್ಡಿಗಿಂತ ಹೆಚ್ಚಿತ್ತು. ಅಂಥ ನಷ್ಟವನ್ನು ಅನಕ್ಲೇತು ಜನ್ಮದಲ್ಲಿ ಕಂಡವನಲ್ಲ.

"ಚೀಲ ಎಲ್ಲಿದೆ?" ಎಂದ.

ಇವೋನಿ ಅಲ್ಲೇ ಕೂತು ಪತ್ರ ಕಳಿಸಿದಳು; ಹಳೆಯವನ್ನು ತಿದ್ದಲು ಅವಳಿಗೆ ಹಿಡಿದದ್ದು ಕೂಸಿನ ಒಂದು ನಿದ್ದೆಯಷ್ಟು ಹೊತ್ತು. ಹೊಸದಾಗಿ ಕಟ್ಟಬೇಕಾಗಿ ಬಂದ ತೆರಿಗೆ ಸೊನ್ನೆ. ಆದರೂ ಅನಕ್ಲೇತು ಚೀಟಿಗಳ ಪ್ಲಾಸ್ಟಿಕ್ ಫೈಲನ್ನು ಕಂಕುಳಲ್ಲಿಟ್ಟುಕೊಂಡೇ ಬಸ್ಸು ಹತ್ತಿದ.

ಸಮುದ್ರ ಕಂಡದ್ದೇ ಜುಲ್ಮೀರಾ ಚಪ್ಪಲಿ ಬಿಟ್ಟು ಮೊಳಕಾಲುದ್ದ ನೀರಿಗಿಳಿದಳು. ಅವನು ದಡದಲ್ಲಿ, ಫೈಲಿಗೆ ತುಂತುರು ತಾಗದಂತೆ ಬೆನ್ನು ತಿರುಗಿಸಿಕೊಂಡು ನಿಂತಿದ್ದ. ಮೇಲೆ ಬಂದವಳು ಸ್ವಲ್ಪ ಕೂರಬೇಕೆಂದಳು. ಕೂರಲು ಒಣ ಜಾಗ ಎಲ್ಲೂ ಇರಲಿಲ್ಲ.

ಅನಕ್ಲೇತು ಆಚೀಚೆ ನೋಡಿದ. ಕಂಕುಳಿನಿಂದ ಫೈಲು ತೆಗೆದು ಒದ್ದೆ ಮರಳಿನ ಮೇಲೆ ಹಾಸಿದ.

"ಕೂತ್ಕೋ ಮುದುಕಿ" ಎಂದ. "ಫೈಲಿನ ಬಾಯಿ ಮಾತ್ರ ತೆರೀದ ಹಾಗೆ ನೋಡ್ಕೋ. ಐದು ವರ್ಷ ಇಟ್ಕೋಬೇಕು ಆ ಚೀಟಿಗಳನ್ನ."