ಮಾವನವರ ಗ್ವಾಡಿ ಮ್ಯಾಲಿನ ಕತ್ತಿ

ನಾ ಲಗ್ನಾಗಿ ಹುಬ್ಬಳ್ಳಿ ಮನಿಗೆ ಕಾಲಿಟ್ಟ ದಿನಾ, ಹೊಸ್ತಲದಾಗಿನ ಅಕ್ಕಿ ಸೇರು ಬಲಗಾಲಿಲೆ ದೂಡಿ ತಲಿ ಎತ್ತಿ ನೋಡ್ತೇನಿ, ಯವ್ವಾ ನನ್ನ ಯವ್ವಾ! ಪಡಸಾಲಿ ಗ್ವಾಡಿ ತುಂಬ ಕತ್ತಿ. ಮಂದಿ ಮನ್ಯಾಗ ಆ ಜಾಗಾದಾಗ ದೇವರ ಫೋಟೋ ಇರ್ತಾವ, ಇಲ್ಲಾ ಒಂದ ಗಡಿಯಾರ ಇರ್ತೈತಿ. ಇಲ್ಲಿ ನೋಡಿದ್ರ ತಲವಾರು, ಜಂಬೆ, ಕಬ್ಬು ಕಡಿಯೂ ಕೊಯ್ತಾ, ಮೊಳದುದ್ದದ ಚೂರಿ, ತುದಿ ಮುರದದ್ದು, ಹಿಡಿಕಿ ಸೀಳಿದ್ದು. ಸಾಗವಾನಿ ಹಲಗಿ ಮಾಡಿಸಿ, ಅದಕ್ಕ ಕೆಂಪ ಮಖಮಲ್ಲ ಹೊಚ್ಚಿ, ಬೀಸಣಕಿ ಬಿಚ್ಚಿದಂಗ ಹೊಂದಿಸಿ ಬಡದಿದ್ರು. ಎಣ್ಣಿ ತಿಕ್ಕಿ ತಿಕ್ಕಿ ಫಳಫಳಾ ಅಂತಿದ್ವು. ಲಿಂಗಾ ಕಟ್ಟಿದ ಮಂದಿ, ಬದನಿಕಾಯಿ ಬಿಟ್ರ ಬ್ಯಾರೆ ಏನೂ ಕೊಯ್ದವರಲ್ಲ, ಇವರಿಗ್ಯಾಕ ಇಷ್ಟ ಕತ್ತಿ? ಆರತಿ ಹಿಡದ ನಿಂತ ಹೆಣ್ಣಮಕ್ಕಳು ನನ್ನ ಮಾರಿ ನೋಡಿ ನಗಾಕತ್ತಿದ್ರು. ಅವರಿಗೆಲ್ಲಾ ಅದು ರೂಢಿ ಆಗಿತ್ತು.

ಇದು ಐವತ್ತರ ದಶಕ ಮುಗಿಯಾಕ ಬಂದಾಗಿನ ಮಾತು. ನನ್ನ ತವರು ಶಿರಗುಪ್ಪಿ. ನಮ್ಮವ್ವ ಎಂಥಾಕಿ ಅಂದ್ರ, ಈಳಿಗಿ ಸೈತ ಕೆಲಸಾ ಮುಗದ ಕೂಡ್ಲೆ ಮಲಗಿಸಿ ಇಡ್ತಿದ್ಲು. ಚಾಕು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡಾಕ ಬಿಡ್ತಿದ್ದಿಲ್ಲ. "ನೆಲಕ್ಕಿಡು, ಅವರ ತಗೊಳ್ಲಿ. ಕೈಯಿಂದ ಕೈಗೆ ಕೊಟ್ರ ಜಗಳ ಹತ್ತತೈತಿ," ಅಂತಿದ್ಲು. ಅಂಥಾಕಿ ಮಗಳು ನಾನು. ಒಬ್ಬಾಕೆ ಮಗಳು, ಅಣ್ಣ ತಮ್ಮ ಅಂತ ಯಾರೂ ಇದ್ದಿದ್ದಿಲ್ಲ. ಆ ಗ್ವಾಡಿ ಕೆಳಗ ಕುಂತು ಹೊಸ ಗಂಡನ ಜೋಡಿ ಬೆಲ್ಲಾ ಕೊಬ್ಬರಿ ತಿನ್ನಂದ್ರ ಗಂಟಲದಾಗ ಹೆಂಗರ ಇಳದೀತು?

ಮಾವನವರಿಗೆ ಹತ್ತಿ ಪ್ಯಾಟ್ಯಾಗ ದಲಾಲಿ ಅಂಗಡಿ ಇತ್ತು. ಬೆಳ್ಳಗಿನ ಧೋತರ, ಹಣಿ ತುಂಬ ಇಭೂತಿ, ಇರಿವಿ ಕಾಲಿಗೆ ಸಿಕ್ಕೀತಂತ ನೋಡಿ ನೋಡಿ ಹೆಜ್ಜಿ ಇಡೂ ಮನಷ್ಯಾ. ಧ್ವನಿ ಏರಿಸಿ ಮಾತಾಡಿದ್ದ ನಾ ಕೇಳಿಲ್ಲ. ಆದ್ರ ಆ ಗ್ವಾಡಿ ಅಂದ್ರ ಅವರ ಜೀವಾ. ಹೊಸಾದೊಂದ ಬಂತಂದ್ರ ಅರ್ಧಾ ದಿನಾ ಅದರ ಮುಂದ ನಿಂತು, ಇದನ್ನ ಇತ್ಲಾಗ ಸರಿಸಿ, ಅದನ್ನ ಅತ್ಲಾಗ ಸರಿಸಿ, ಹಿಂದ ಸರದು ನೋಡಿ, "ಈಗ ಛಲೋ ಕಾಣಸ್ತೈತಿ ನೋಡು," ಅಂತ ಅತ್ತೆವ್ವಗ ಹೇಳ್ತಿದ್ರು. ಅತ್ತೆವ್ವ ಮಾರಿ ಗಂಟ ಹಾಕ್ಕೊಂಡು, "ಕಾಣಸ್ಲಾರದೇನ್ರಿ, ಕಟಗರ ಅಂಗಡಿಗಿಂತ ಛಲೋ ಕಾಣಸ್ತೈತಿ," ಅಂತಿದ್ರು. ಬಳಿ ಇಡಾಕಿ ಒಳಗ ಬರ್ತಿದ್ದಿಲ್ಲ. ಹೊರಗ ಕಟ್ಟಿ ಮ್ಯಾಲೆ ಕುಂತ, "ಇಲ್ಲೇ ಬರ್ರೆವ್ವಾ," ಅಂತ ಒದರ್ತಿದ್ಲು.

ನಮ್ಮನಿಯವರನ್ನ ಕೇಳಿದೆ, ಇದೇನ್ರಿ ಹುಚ್ಚು ಅಂತ. ಅವರು ನಕ್ಕೋತ ಹೇಳಿದ ಮಾತ ಕೇಳಿ ಬಾಯಿ ತಗದಾಕಿ ಮುಚ್ಚಲಿಲ್ಲ. ಹತ್ತಿ ವ್ಯಾಪಾರದಾಗ ಸುತ್ತ ಹಳ್ಳಿ ಮಂದಿ ಎಲ್ಲಾ ಮಾವನವರಿಗೆ ಗುರ್ತು. ಅಣ್ಣ ತಮ್ಮರ ಪಾಲಿನ ಜಗಳ, ಬದುವಿನ ಜಗಳ ಬಂತಂದ್ರ ಪಂಚಾಯ್ತಿಗೆ ಇವರನ್ನ ಕರೀತಾರ. ಜಗಳ ಬಗೀಹರದ ಮ್ಯಾಲೆ, ಯಾರ ಕತ್ತಿ ಎತ್ತಿರ್ತಾರೋ ಆ ಕತ್ತಿ ಆ ಮನ್ಯಾಗ ಉಳೀಬಾರದು, ಇವರ ಜೋಡಿ ಹುಬ್ಬಳ್ಳಿಗೆ ಬರಬೇಕು. ಅದು ಇವರ ಷರತ್ತು. ಕತ್ತಿ ತಿರಗಿ ಬೇಕಂದ್ರ ಎರಡೂ ಕಡಿಯವರು ಕೂಡಿ ಬಂದು ಕೇಳಬೇಕು. ಯಾವುದು ಯಾರದು ಅಂತ ಇವರು ಮಾತ್ರ ಯಾರ ಮುಂದೂ ಬಾಯಿ ಬಿಡೂದಿಲ್ಲ.

"ಇಲ್ಲೀತನಕಾ ಒಂದರ ತಿರಗಿ ಹೋಗೇತೇನ್ರಿ?" ಅಂದೆ.

"ಒಂದೂ ಇಲ್ಲ," ಅಂದ್ರು.

ಅಂದ್ರ ಇದು ಶೋಕಿ ಅಲ್ಲ. ಆ ಮಖಮಲ್ಲಿನ ಮ್ಯಾಲೆ ಫಳಫಳಾ ಅನ್ನಾಕತ್ತಿದ್ದು ಸುತ್ತಿನ ಹಳ್ಳಿಗೋಳ ಹೊಟ್ಟ್ಯಾಗಿನ ಸಿಟ್ಟು! ಪ್ಯಾಟಿಗೆ ಬಂದ ರೈತರು ಚಾ ಕುಡ್ಯಾಕ ಬಂದು ಆ ಗ್ವಾಡಿ ಎದುರಿಗೇ ಕುಂಡ್ರತಿದ್ರು. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡ್ರಂತ, ಹಂಗ ಒಬ್ಬೊಬ್ಬರ ಕಣ್ಣು ಒಂದೊಂದ ಕತ್ತಿ ಮ್ಯಾಲೆ ಹೋಗಿ ನಿಂದರ್ತಿತ್ತು. ನಾ ಚಾ ಕೊಡಾಕ ಹೋದ್ರ ಕಪ್ಪ ಬಸಿ ಗಡಗಡಾ ಅಂತಿದ್ವು, ನನ್ನ ಕೈಯಾಗೂ, ಅವರ ಕೈಯಾಗೂ.

ಅಮಾಸಿಗೊಮ್ಮೆ ಕತ್ತಿಗೆಲ್ಲಾ ಎಣ್ಣಿ ಹಚ್ಚಬೇಕು. ಅತ್ತಿಗೊಂದ ಕಾಲ, ಸೊಸಿಗೊಂದ ಕಾಲ ಅಂತಾರ, ಈ ಮನ್ಯಾಗ ಸೊಸಿ ಕಾಲ ಅಂದ್ರ ಎಣ್ಣಿ ಅರಿಬಿ. ಮೊದಲನೇ ಅಮಾಸಿಗೆ ಸ್ಟೂಲ ಹತ್ತಿ ನಿಂತು ಮ್ಯಾಲಿನ ಸಾಲ ಒರಸಾಕತ್ತಿದ್ದೆ. ಒಂದ ಅಗಲಾದ ಕೊಯ್ತಾ ಕೈಗೆ ಬಂತು. ಎತ್ತಿನ ಕೋಡಿನ ಹಿಡಿಕಿ, ಅದಕ್ಕ ತಾಮ್ರದ ತಂತಿ ಸುತ್ತಿದ್ರು. ತುದಿಗೆ ಒಂದ ಸುತ್ತ ತಂತಿ ಇರಲಿಲ್ಲ. ಆ ತಂತಿ ಬಿಚ್ಚಿದಾಕಿ ನಾನ! ಸಣ್ಣಾಕಿದ್ದಾಗ ಗೊಂಬಿಗೆ ಬಳಿ ಮಾಡಾಕಂತ ಬಿಚ್ಚಿ, ಅಜ್ಜನ ಕೈಲೆ ಬೈಸ್ಕೊಂಡಿದ್ದೆ. ನಮ್ಮ ಅಜ್ಜನ ಕೊಯ್ತಾ ಅದು. ಶಿರಗುಪ್ಪಿ ಮನ್ಯಾಗಿಂದ ಒಂದ ದಿನಾ ಇದ್ದಕ್ಕಿದ್ದಂಗ ಇಲ್ಲದಂಗಾಗಿತ್ತು. ಕೇಳಿದ್ರ ಅವ್ವ, "ಕಳವಾತವ್ವಾ," ಅಂದಿದ್ಲು.

ಸ್ಟೂಲ ಮ್ಯಾಲಿಂದ ಹೆಂಗ ಇಳದೆನೋ ನನಗ ಗೊತ್ತಿಲ್ಲ. ನಮ್ಮಪ್ಪಗೂ ಕಾಕಾಗೂ ಹೊಲದ ಸಂಬಂಧ ಜಗಳಾಗಿ ಮಾತ ಬಿಟ್ಟದ್ದು, ಹಿತ್ತಲದಾಗ ನಡುವ ಗ್ವಾಡಿ ಎದ್ದದ್ದು ನನಗ ಗೊತ್ತಿತ್ತು. ಕಾಕಾನ ಮುಂಗೈ ಮ್ಯಾಲೆ ಒಂದ ಉದ್ದನ್ನ ಕಲಿ ಇತ್ತು, ಅದೂ ಗೊತ್ತಿತ್ತು. ಎರಡೂ ಕೂಡಿಸಿ ನೋಡೂ ಬುದ್ಧಿ ಅಲ್ಲೀತನಕಾ ಬಂದಿದ್ದಿಲ್ಲ. ನಮ್ಮಪ್ಪ? ಎತ್ತಿಗೆ ಸೈತ ಬಾರಕೋಲ ಎತ್ತಲಾರದ ನಮ್ಮಪ್ಪ ತಮ್ಮನ ಮ್ಯಾಲೆ ಕೊಯ್ತಾ ಎತ್ತಿದನ? ಸುಡ್ಲಿ ಈ ಹೊಲಾ ಮನಿ ಅನ್ನಿಸ್ತು. ಅಪ್ಪ ನನ್ನ ನೋಡಾಕ ಬಂದಾಗೆಲ್ಲಾ ಗ್ವಾಡಿಗೆ ಬೆನ್ನ ಹಾಕಿ ಕುಂಡ್ರತಿದ್ದ. ಅದರ ಅರ್ಥಾ ಈಗ ತಿಳೀತು ಅನ್ಕೊಂಡೆ.

ಅವ್ವ ಅಂತೂ ಒಮ್ಮೆನೂ ಬರಲಿಲ್ಲ. ಹೇಳಿ ಕಳಿಸಿದಾಗೊಮ್ಮೆ ಎಮ್ಮಿ ನೆವಾ. ಎಮ್ಮಿ ಈಯಾಕ ಬಂದೈತಿ, ಎಮ್ಮಿ ಈದೈತಿ, ಕರಾ ಇನ್ನೂ ಸಣ್ಣದೈತಿ. ಅತ್ತೆವ್ವ, "ನಿಮ್ಮವ್ವನ ಎಮ್ಮಿ ವರ್ಷಾ ಪೂರ್ತೆ ಈಯ್ತೈತೇನ?" ಅಂತ ಚಾಷ್ಟಿ ಮಾಡಿದ್ರ ನಾ ನಕ್ಕಂಗ ಮಾಡ್ತಿದ್ದೆ.

ಮುಂದ ನಾ ಬಸರಾದೆ. ಕುಬಸದ ದಿನಾ ಗೊತ್ತು ಮಾಡಿದ್ರು. ಕುಬಸಾ ಅಂದ್ರ ತವರಿನಿಂದ ತಾಯಿ ಹಸರ ಸೀರಿ, ಖಣಾ, ಬುತ್ತಿ ತಗೊಂಡ ಬಂದು ಬಸರ ಮಗಳ ಉಡಿ ತುಂಬಬೇಕು. ತಾಯಿ ಜೀವಂತ ಇದ್ದೂ ಬರಲಿಲ್ಲಂದ್ರ ಓಣಿ ಮಂದಿ ಬಾಯಿಗೆ ಎಲಿ ಅಡಕಿ ಆಗಬೇಕಾಗ್ತೈತಿ. ಅದಕ್ಕಿಂತಾ ಹೆಚ್ಚಿಗೆ, ನನಗ ನಮ್ಮವ್ವ ಬೇಕಾಗಿದ್ಲು. ಚೊಚ್ಚಲ ಬಸರು, ಅಂಜಿಕಿ. ಅಪ್ಪ ಬಂದು ತಲಿ ಕೆರಕೋತ, "ನಿಮ್ಮವ್ವ ಒಲ್ಲೆ ಅನ್ನಾಕತ್ತಾಳವ್ವಾ," ಅಂದ. ಯಾಕ ಅಂದ್ರ ಹೇಳವಲ್ಲ.

ಗಂಡ ಮಾಡಿದ ಕೆಲಸಾ ಗ್ವಾಡಿ ಮ್ಯಾಲೆ ನೋಡಲಾರದ ಅವ್ವ ಬರವಲ್ಲಳು ಅಂತ ನಾ ಖಚಿತ ಮಾಡ್ಕೊಂಡೆ. ಅಂಜಿಕಿ ಬಿಟ್ಟು ಮಾವನವರ ಮುಂದ ಹೋಗಿ ನಿಂತೆ. "ಮಾವಾರ, ಆ ಕೋಡಿನ ಹಿಡಿಕಿದು ನಮ್ಮನೀದು ಅಂತ ನನಗ ಗೊತ್ತಾಗೇತ್ರಿ. ಕುಬಸದ ದಿನಾ ಒಂದ ಅದನ್ನ ತಗದ ಒಳಗಿಡ್ರಿ. ಅಂದ್ರ ನಮ್ಮವ್ವ ಬರ್ತಾಳ್ರಿ."

ಅವರು ಕೈಯಾಗಿನ ಲೆಕ್ಕದ ವಹಿ ಮುಚ್ಚಿದ್ರು. "ತಂಗೀ, ಒಂದ ತಗದ್ರ ಉಳದವರು ನನಗ ಏನಂದಾರು? ಇಬ್ಬರೂ ಕೂಡಿ ಬಂದ್ರ ಇಳಸ್ತೇನಿ. ಇಲ್ಲಂದ್ರ ನನ್ನ ಮಗನ ಸಂಬಂಧನೂ ಇಳಸಾಂಗಿಲ್ಲ," ಅಂದ್ರು. ಧ್ವನಿ ಎಷ್ಟ ಮೆತ್ತಗಿತ್ತಂದ್ರ, ಜಗಳಾ ತಗೀಲಿಕ್ಕೂ ಜಾಗಾ ಇದ್ದಿದ್ದಿಲ್ಲ.

ಅಡಗಿ ಮನಿಗೆ ಬಂದು ಒಲಿ ಮುಂದ ಕುಂತು ಬಿಕ್ಕಿ ಬಿಕ್ಕಿ ಅತ್ತೆ. "ನಮ್ಮಪ್ಪನ ಮಾನಾ ಎಲ್ಲಾರ ಮುಂದ ಹೋಗ್ತೈತ್ರಿ," ಅಂದೆ. ಅತ್ತೆವ್ವ ರೊಟ್ಟಿ ಬಡ್ಯೂದ ನಿಲ್ಲಿಸಿ, ಹಿಟ್ಟಿನ ಕೈ ಹಂಗ ಹಿಡಕೊಂಡು, "ಹುಚ್ಚಿ, ನಿಮ್ಮಪ್ಪನ ಮಾನಾ ಯಾಕ ಹೋಗ್ತೈತಿ? ಅದನ್ನ ಎತ್ತಿದಾಕಿ ನಿಮ್ಮವ್ವ," ಅಂದ್ರು.

ಶಿವನ! ಒಲಿ ಉರಿ ಕಣ್ಣ ಮುಂದ ಇದ್ದೂ ಕಾಣಲಾರದಂಗಾತು. ಈಳಿಗಿ ಮಲಗಿಸಿ ಇಡೂ ನಮ್ಮವ್ವ? ಚಾಕು ನೆಲಕ್ಕಿಡು ಅನ್ನೂ ನಮ್ಮವ್ವ?

"ಆ ಪಂಚಾಯ್ತಿಂದ ಬಂದ ದಿನಾ ಇವರು ಊಟಾ ಮಾಡಲಿಲ್ಲ," ಅತ್ತೆವ್ವ ಹೇಳಿದ್ರು. "ಯಾವದು ಯಾರದಂತ ಎಂದೂ ಬಾಯಿ ಬಿಡದವರು ಅವತ್ತ ನನ್ನ ಮುಂದ, ಹೆಣ್ಣಮಗಳು ಎತ್ತಿದ ಕತ್ತಿ ಇದೊಂದ ನೋಡು ಅಂದ್ರು. ಅವತ್ತ ಠರಾವು ಮಾಡಿದ್ರು, ಆ ಮನಿ ಹುಡಗೀನ್ನ ನಮ್ಮ ಮನಿಗೆ ತರಬೇಕಂತ. ನಾ ಬ್ಯಾಡಂದೆ. ಈ ಮನ್ಯಾಗ ನನ್ನ ಮಾತ ಯಾರ ಕೇಳ್ತಾರ? ಯಾಕ ಎತ್ತಿದ್ಲು ಅನ್ನೂದ ನನಗ ಗೊತ್ತಿಲ್ಲವ್ವಾ. ಅದನ್ನ ನಿಮ್ಮವ್ವನ್ನ ಕೇಳು." ಮತ್ತ ರೊಟ್ಟಿ ಬಡ್ಯಾಕ ಹತ್ತಿದ್ರು.

ಕುಬಸದ ದಿನಾ ಬಂತು. ನನಗ ಹಸರ ಬಳಿ ಇಡಿಸಿ, ಹೂವಿನ ದಂಡಿ ಕಟ್ಟಿ, ಪಡಸಾಲ್ಯಾಗ ಕುರ್ಚಿ ಮ್ಯಾಲೆ ಕುಂಡ್ರಿಸಿದ್ರು. ಹಿಂದ ಗ್ವಾಡಿ ತುಂಬ ಕತ್ತಿ, ಮುಂದ ಓಣಿ ತುಂಬ ಹೆಣ್ಣಮಕ್ಕಳು. ಹಾಡಾಕಿ ಒಬ್ಬಾಕಿ, "ಬಸರ ಹುಡಗಿ ಎಲ್ಲಿ ಕುಂಡ್ರಿಸ್ಯಾರ ನೋಡ್ರೆವ್ವಾ," ಅಂತ ಬಾಯಿಗೆ ಸೆರಗ ಒತ್ತಿಕೊಂಡ್ಲು. ನನ್ನ ಕಣ್ಣು ಬಾಗಲಾ ಬಿಟ್ಟ ಅಲಗಾಡಲಿಲ್ಲ. ಹೊತ್ತ ಏರಾಕತ್ತಿತ್ತು. ಶಿರಗುಪ್ಪಿ ಕಡಿಯಿಂದ ಯಾರ ಸುಳಿವೂ ಇಲ್ಲ.

ಕಡೀಕೆ ಚಕ್ಕಡಿ ಗಂಟಿ ಕೇಳಿಸ್ತು. ಮೊದಲ ಅಪ್ಪ ಬುತ್ತಿ ಪುಟ್ಟಿ ಹೊತ್ಕೊಂಡ ಇಳದ. ಅವನ ಹಿಂದ ಅವ್ವ! ಹಣಿತನಕಾ ಸೆರಗು, ಕೈಯಾಗ ಹಸರ ಸೀರಿ. ನನಗ ಅಳೂನೂ ನಗೂನೂ ಕೂಡೇ ಬಂದ್ವು. ಆದ್ರ ಚಕ್ಕಡಿ ಹೊಡಕೊಂಡ ಬಂದವರು ಹಗ್ಗಾ ಬಿಟ್ಟು ಕೆಳಗ ಹಾರಿದ್ರಲ್ಲ, ಅವರನ್ನ ನೋಡಿ ನಾ ಕುರ್ಚಿ ಕೈ ಗಟ್ಟಿ ಹಿಡಕೊಂಡೆ. ಕಾಕಾ. ನಮ್ಮ ಮನಿ ಹಿತ್ತಲ ಗ್ವಾಡಿ ಆ ಕಡೆ ಇರೂ ಕಾಕಾ.

ಕಾಕಾ ಚಪ್ಪಲಿ ಬಿಟ್ಟ ಒಳಗ ಬಂದು, ಮಾವನವರ ಮುಂದ ಕೈ ಮುಗದ್ರು. "ಯಜಮಾನ್ರ, ನಿಮ್ಮ ಷರತ್ತಿನ ಪ್ರಕಾರ ಇಬ್ಬರೂ ಕೂಡಿ ಬಂದೇವ್ರಿ. ನಾನ ವೈನಿಯವರ ಬಾಗಲಕ್ಕ ಹೋಗಿ ಕರಕೊಂಡ ಬಂದೇನಿ. ಅದನ್ನ ಇಳಿಸಿ ಕೊಟ್ಟಬಿಡ್ರಿ. ಮಗಳ ಕುಬಸದಾಗ ಅವರು ತಲಿ ತಗ್ಗಿಸಿ ಕುಂಡ್ರೂದ ಬ್ಯಾಡ."

ಹಾಡು ನಿಂತವು. ಇಷ್ಟ ವರ್ಷಾ ಆ ಮಾತಿಗೆ ಕಾದ ಮಾವನವರು, ಬಂದಾಗ ಗಾಬರಿ ಆದ್ರು. ತಾವ ಸ್ಟೂಲ ಹತ್ತಿ ಕೊಯ್ತಾ ಇಳಿಸಿದ್ರು. ಕೈಯಿಂದ ಕೈಗೆ ಕೊಡಬಾರದಂತ ಅವ್ವನ ಮುಂದ ನೆಲದ ಮ್ಯಾಲೆ ಇಟ್ರು.

ಅವ್ವ ಅದನ್ನ ನೋಡಿದ್ಲು. ಬಗ್ಗಲಿಲ್ಲ, ಮುಟ್ಟಲಿಲ್ಲ. ಗಂಡಸರ ಮುಂದ ಎಂದೂ ಬಾಯಿ ತಗೀದಾಕಿ, ಸೆರಗ ಸ್ವಲ್ಪ ಹಿಂದ ಸರಿಸಿ ಮಾತಾಡಿದ್ಲು.

"ಬೀಗರ, ನಾ ಬರಲಿಲ್ಲಂದ್ರ ನಾಚಿಕಿಗಂತ ಇವರೆಲ್ಲಾ ತಿಳದಾರ. ನಾಚಿಕಿಗಲ್ಲರಿ. ಅದನ್ನ ನೋಡಿದ್ರ ನನ್ನ ಸಿಟ್ಟು ಮತ್ತ ಬಂದೀತಂತ ಅಂಜಿ ಬರಲಿಲ್ಲ. ಅವತ್ತ ಈ ನನ್ನ ಮೈದುನ ಅಂದಿದ್ದ, ವೈನಿ ಗಂಡ ಹಡದಿಲ್ಲ, ಹೆಣ್ಣಿಗ್ಯಾತರ ಪಾಲು, ಅದನ್ನ ಯಾರಿಗರ ಕಟ್ಟಿ ಕಳಿಸಿದ್ರ ಮುಗೀತು, ಹೊಲಾ ಎಲ್ಲಾ ನಂದು ಅಂತ. ನನ್ನ ಮಗಳು ಬಾಗಲದಾಗ ನಿಂತ ಕೇಳಾಕತ್ತಿದ್ಲು. ಆ ಮಾತಿಗೆ ಎತ್ತಿದೆ."

ನಾ ಬಾಗಲದಾಗ ನಿಂತಿದ್ದೆನ? ನನಗ ಒಂದಿಷ್ಟೂ ನೆನಪಿಲ್ಲ. ಕೊಯ್ತಾ ಕಳವಾತಂತ ಹೇಳಿ ಹೇಳಿ, ಆ ಮಾತು ನನ್ನ ನೆನಪಿನಾಗ ಉಳೀಲಾರದಂಗ ನಮ್ಮವ್ವ ಮಾಡಿದ್ಲು. ಕಾಕಾ ನೆಲಾ ನೋಡಾಕತ್ತಿದ್ರು. ಮುಂಗೈ ಮ್ಯಾಲಿನ ಕಲಿ ಮುಚ್ಚಿಕೊಳ್ಳಲಿಲ್ಲ. "ಅಂದಿದ್ದು ಖರೇ ಐತ್ರಿ," ಅಂದ್ರು.

"ಇವತ್ತ ಅವನೇ ಚಕ್ಕಡಿ ಹೊಡಕೊಂಡ ಅದೇ ಮಗಳ ಕುಬಸಕ್ಕ ಬಂದಾನ. ನನ್ನ ಸಿಟ್ಟು ಮುಗೀತು," ಅವ್ವ ಅಂದ್ಲು. "ಆದ್ರ ಇದನ್ನ ನಾ ಒಯ್ಯೂದಿಲ್ಲರಿ. ಅಕಿ ಹೊಟ್ಟ್ಯಾಗ ಗಂಡೈತೋ ಹೆಣ್ಣೈತೋ ಯಾರಿಗೂ ಗೊತ್ತಿಲ್ಲ. ಹೆಣ್ಣಾತು, ಈ ಮನ್ಯಾಗ ಯಾರರ ಆ ಮಾತ ಅಂದ್ರು ಅಂದ್ರ, ನನ್ನ ಮಗಳ ಕೈಗೆ ಏನರ ಸಿಗಬೇಕಲ್ರಿ? ಅಲ್ಲೇ ಇರ್ಲಿ. ತೂಗ ಹಾಕ್ರಿ."

ಬೀಗರ ಮನ್ಯಾಗ ನಿಂತು, ಬೀಗರಿಗೇ ಇಂಥಾ ಮಾತು! ಮುಗೀತು ನನ್ನ ಬಾಳೇ ಅನ್ಕೊಂಡು ಅತ್ತೆವ್ವನ ಮಾರಿ ನೋಡಿದೆ. ಅತ್ತೆವ್ವ ಮಾವನವರ ಮಾರಿ ನೋಡಾಕತ್ತಿದ್ರು.

ಮಾವನವರು ಕೊಯ್ತಾ ಎತ್ತಿಕೊಂಡ್ರು. ಸ್ಟೂಲ ಹತ್ತಲಿಲ್ಲ. ಒಳಗ ಹೋಗಿ ಸುತ್ತಗಿ ಮತ್ತ ಒಂದ ದೊಡ್ಡ ಮೊಳಿ ತಂದ್ರು. ಅಷ್ಟ ಆಸ್ಥೆಯಿಂದ ಹೊಂದಿಸಿದ ಬೀಸಣಕಿ ಸಾಲು ಕೆಡ್ತೈತಿ ಅಂತ ಒಂದ ಮಾತ ಅನ್ನಲಿಲ್ಲ. ಹಲಗಿ ಕೆಳಗ ಬರೇ ಗ್ವಾಡಿಗೆ ಮೊಳಿ ಬಡದು, ಕೊಯ್ತಾ ಅದಕ್ಕ ತೂಗ ಹಾಕಿ, ನನ್ನ ಕಡೆ ತಿರಗಿದ್ರು.

"ತಂಗೀ, ಎದ್ದ ನಿಂತ ಕೈ ಚಾಚಿ ನೋಡು. ನಿಲಕತೈತೇನು?"

ನಾ ಎದ್ದೆ. ಹೊಟ್ಟಿ ಹಿಡಕೊಂಡು, ಹಸರ ಬಳಿ ಕೈ ಚಾಚಿದೆ. ಕೋಡಿನ ಹಿಡಿಕಿ ಕೈ ತುಂಬ ಬಂತು.

"ನಿಲಕತೈತ್ರಿ ಮಾವಾರ," ಅಂದೆ. ಆಮ್ಯಾಲೆ ಅವ್ವ ನನ್ನ ಉಡಿ ತುಂಬಿದ್ಲು.